ಇರೋ ಆಕ್ಸಿಜನ್ ಯಾರಿಗೆ ಕೊಡೋದು?

ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್ ಆಕ್ಸಿಜನ್ ಇರುತ್ತದೆ. ಮೂಗಿಗೆ ಹಾಕುವ ಸಣ್ಣ ಟ್ಯೂಬಿನಲ್ಲಿ ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಅದು ಒಬ್ಬರಿಗೆ ಹೆಚ್ಚುಕಡಿಮೆ ಒಂದು ದಿನ ಬರುತ್ತದೆ. ಚೀಲ ಇರುವ ಮಾಸ್ಕ್ ಇದೆಯಲ್ಲ, ನಾವು ಎನ್‌ಆರ್‌ಬಿಎಂ ಅನ್ನುತ್ತೇವೆ, ಅದಕ್ಕೆ ನಿಮಿಷಕ್ಕೆ 15 ಲೀಟರ್ ಬೇಕು. ಎಂಟು ಗಂಟೆ ತುಂಬುವ ಮೊದಲೇ ಸಿಲಿಂಡರ್ ಖಾಲಿ. ಮೂಗಿಗೆ ಜೋರಾಗಿ ಆಕ್ಸಿಜನ್ ಊದುವ ಹೈ ಫ್ಲೋ ಮಷೀನನ್ನು ಪೂರ್ತಿ ತೆರೆದರೆ ನಿಮಿಷಕ್ಕೆ 60 ಲೀಟರ್ ಎಳೆಯುತ್ತದೆ. ಎರಡು ಗಂಟೆಯೂ ಬಾಳುವುದಿಲ್ಲ. ಅಂದರೆ ಹೈ ಫ್ಲೋದಲ್ಲಿರುವ ಒಬ್ಬರಿಗೆ ಹೋಗುವ ಆಕ್ಸಿಜನ್‌ನಲ್ಲಿ ಚೀಲದ ಮಾಸ್ಕಿನ ನಾಲ್ಕು ಜನರನ್ನು ನೋಡಿಕೊಳ್ಳಬಹುದು. ಸಣ್ಣ ಟ್ಯೂಬಿನವರಾದರೆ ಹನ್ನೆರಡು ಜನ.

2021ರ ಎರಡನೇ ಅಲೆಯಲ್ಲಿ ಈ ಲೆಕ್ಕ ನನ್ನ ತಲೆಯಲ್ಲಿ ಹಗಲೂ ರಾತ್ರಿ ಓಡುತ್ತಿತ್ತು. ಆಗ ನಾನು ಅರಿವಳಿಕೆ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೆ. ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆಯ ಕೋವಿಡ್ ಐಸಿಯು ನಮ್ಮ ಕೈಯಲ್ಲಿತ್ತು. ಊರಿನ ಹೆಸರು ಬೇಡ. ಮಧ್ಯ ಕರ್ನಾಟಕದ ಒಂದು ಜಿಲ್ಲೆ ಅಂದುಕೊಳ್ಳಿ. ವೆಂಟಿಲೇಟರ್ ಹೇಗೆ ಹಾಕುವುದು, ಯಾವಾಗ ತೆಗೆಯುವುದು ಎಂದು ನಮಗೆ ಚೆನ್ನಾಗಿ ಕಲಿಸಿದ್ದರು. ಒಂದೇ ಮಷೀನ್ ಇದ್ದು ಇಬ್ಬರಿಗೆ ಬೇಕಾದಾಗ ಯಾರಿಗೆ ಕೊಡುವುದು ಎಂದು ಯಾರೂ ಕಲಿಸಿರಲಿಲ್ಲ. ಕೊನೆಗೆ ಆ ಪ್ರಶ್ನೆಗೆ ನಮ್ಮ ಆಸ್ಪತ್ರೆಯಲ್ಲಿ ನಾವೇ ಒಂದು ನಿಯಮ ಬರೆದುಕೊಂಡೆವು. ಅದನ್ನು ಹೇಗೆ ಬರೆದೆವು, ಎಲ್ಲೆಲ್ಲಿ ಜಗಳ ಆಯಿತು, ಕಾನೂನು ಎಲ್ಲಿ ಕೈಹಿಡಿಯಿತು, ಎಲ್ಲಿ ಸುಮ್ಮನಾಯಿತು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಮೊದಲು ನಿಯಮ ಅಂತ ಏನೂ ಇರಲಿಲ್ಲ. ಮೊದಲು ಬಂದವರಿಗೆ ಮೊದಲು ಬೆಡ್. ಕೇಳುವುದಕ್ಕೆ ಇದು ನ್ಯಾಯ ಅನ್ನಿಸುತ್ತದೆ. ರೇಷನ್ ಅಂಗಡಿಯಿಂದ ಬಸ್ಸಿನ ಸೀಟಿನವರೆಗೆ ನಮಗೆ ಅದೇ ಅಭ್ಯಾಸ ತಾನೇ. ಆದರೆ ನಮ್ಮ ವಾರ್ಡಿನಲ್ಲಿ ಬೇಗ ಬರುತ್ತಿದ್ದವರು ಯಾರು ಎಂದು ನೋಡಿದರೆ ವಿಷಯ ಬೇರೆಯೇ ಇತ್ತು. ಕಾರು ಇದ್ದವರು, ಮನೆಯಲ್ಲೇ ಆಕ್ಸಿಮೀಟರ್ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಬೆರಳಿಗೆ ಹಾಕಿ ನೋಡುತ್ತಿದ್ದವರು, ಆಸ್ಪತ್ರೆಯಲ್ಲಿ ಪರಿಚಯದವರಿದ್ದವರು ಬೇಗ ಬರುತ್ತಿದ್ದರು. ತಾಂಡಾದಿಂದ, ಹೊಲದ ಮಧ್ಯದ ಮನೆಗಳಿಂದ ಬರುವವರು ಕೊನೆಗೆ ಬರುತ್ತಿದ್ದರು. ಅಷ್ಟು ಹೊತ್ತಿಗೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ, ಶೇಕಡಾ ಎಪ್ಪತ್ತಕ್ಕೆ ಇಳಿದಿರುತ್ತಿತ್ತು. ಸಾಲು ನೇರವಾಗಿಯೇ ಇತ್ತು. ಸಾಲಿಗೆ ಬರುವ ದಾರಿ ಎಲ್ಲರಿಗೂ ಒಂದೇ ಇರಲಿಲ್ಲ.

ಆಮೇಲೆ ಫೋನುಗಳು. ಹಗಲು ಹೊತ್ತು ಹತ್ತು ಕಡೆಯಿಂದ ಬರುತ್ತಿದ್ದವು. "ಮೇಡಂ, ನಮ್ಮವರೊಬ್ಬರು ಇದಾರೆ, ಸ್ವಲ್ಪ ನೋಡ್ಕೊಳ್ಳಿ." ಅದರಲ್ಲಿ ತಪ್ಪೇನಿದೆ ಎಂದು ಆ ಕಡೆಯವರಿಗೆ ಅನ್ನಿಸುವುದಿಲ್ಲ. ನನ್ನ ಅಪ್ಪನೇ ಆಗಿದ್ದರೆ ನಾನೂ ಯಾರಿಗಾದರೂ ಫೋನ್ ಮಾಡುತ್ತಿದ್ದೆನೇನೋ. ಆದರೆ ಐಸಿಯುದಲ್ಲಿ "ಸ್ವಲ್ಪ ನೋಡ್ಕೊಳ್ಳೋದು" ಅಂದರೆ ಇನ್ನೊಬ್ಬರನ್ನು ಸ್ವಲ್ಪ ಕಡಿಮೆ ನೋಡಿಕೊಳ್ಳುವುದು.

ಸುಮ್ಮನಿದ್ದವರ ಕಥೆಯೇ ನನ್ನನ್ನು ಜಾಸ್ತಿ ಕಾಡಿದ್ದು. ಅಟೆಂಡರುಗಳನ್ನು ಕೋವಿಡ್ ವಾರ್ಡಿಗೆ ಬಿಡಬಾರದು ಎಂದಿತ್ತು. ಆದರೆ ಊಟ ಮಾಡಿಸುವವರು ಯಾರು, ಬಟ್ಟೆ ಬದಲಿಸುವವರು ಯಾರು? ಹಾಗಾಗಿ ಮನೆಯವರು ಬರೀ ಒಂದು ಮಾಸ್ಕ್ ಕಟ್ಟಿಕೊಂಡು ಒಳಗೇ ಇರುತ್ತಿದ್ದರು. ಲಂಬಾಣಿ ತಾಂಡಾದ ಒಬ್ಬ ಹೆಂಗಸು ಗಂಡನ ಬೆಡ್ ಪಕ್ಕ ಕೂತಿದ್ದಳು. ಅವನ ಮಾಸ್ಕಿನ ಚೀಲ ಚಪ್ಪಟೆಯಾಗಿತ್ತು. ಆ ಚೀಲ ಸದಾ ಉಬ್ಬಿರಬೇಕು. ಉಸಿರೆಳೆದಾಗ ಸ್ವಲ್ಪ ಕುಗ್ಗಿ ಮತ್ತೆ ತುಂಬಿಕೊಳ್ಳಬೇಕು. ಅದು ಜೋತುಬಿದ್ದರೆ ಪ್ರೆಷರ್ ಇಳಿದಿದೆ, ಇಲ್ಲ ಫ್ಲೋ ಸಾಲುತ್ತಿಲ್ಲ ಎಂದರ್ಥ. ಪಕ್ಕದ ಬೆಡ್ಡಿನವರ ಮಗ ಇಂಜಿನಿಯರ್. ಅವನು ಮೊಬೈಲಿನಲ್ಲಿ ಓದಿ ಇದನ್ನೆಲ್ಲ ತಿಳಿದುಕೊಂಡಿದ್ದ. ಚೀಲ ಕುಗ್ಗಿದ ತಕ್ಷಣ ಸಿಸ್ಟರ್ ಹತ್ತಿರ ಓಡುತ್ತಿದ್ದ. ಈಕೆ ಮಾತ್ರ ಸೆರಗಿನಿಂದ ಗಂಡನಿಗೆ ಗಾಳಿ ಬೀಸುತ್ತಾ ಕೂತಿದ್ದಳು. ನಾನು ರೌಂಡ್ಸಿಗೆ ಬಂದಾಗ ನೋಡಿ ಫ್ಲೋ ಸರಿಮಾಡಿದೆ. "ಯಾಕಮ್ಮ ಕರೀಲಿಲ್ಲ?" ಅಂದೆ. "ನೀವು ಓಡಾಡ್ತಾ ಇದ್ರಲ್ಲ ಡಾಕ್ಟರಮ್ಮ, ಯಾಕೆ ತೊಂದ್ರೆ ಕೊಡೋದು ಅಂತ" ಅಂದಳು.

ನಮಗೆ ಒಂದು ಬರೆದ ನಿಯಮ ಬೇಕೇಬೇಕು ಎಂದು ನನಗೆ ಖಚಿತವಾಗಿದ್ದು ಒಂದು ರಾತ್ರಿಯ ಪಾಳಿಯಲ್ಲಿ. ಒಂದು ಹೈ ಫ್ಲೋ ಮಷೀನ್ ಬಿಡುವಾಯಿತು. ಅದು ಇಬ್ಬರಿಗೆ ಬೇಕಿತ್ತು. ಒಬ್ಬರು ಅರವತ್ತು ದಾಟಿದ ನಿವೃತ್ತ ಮೇಷ್ಟ್ರು. ಇನ್ನೊಬ್ಬ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲಿ, ನಲವತ್ತರ ಒಳಗೆ. ಇಬ್ಬರಿಗೂ ಚೀಲದ ಮಾಸ್ಕಿನಲ್ಲಿ ಸ್ಯಾಚುರೇಷನ್ ಎಂಬತ್ತರ ಆಸುಪಾಸು. ಹಮಾಲಿ ಉಸಿರಾಡಿ ಉಸಿರಾಡಿ ಸುಸ್ತಾಗಿದ್ದ, ಆದರೆ ಕಿಡ್ನಿ, ಬಿಪಿ ಎಲ್ಲ ಸರಿಯಿತ್ತು. ಮೇಷ್ಟ್ರಿಗೆ ಕಿಡ್ನಿ ಆಗಲೇ ಕೈಕೊಡತೊಡಗಿತ್ತು. ಮಷೀನ್ ಹಮಾಲಿಗೆ ಹಾಕಿಸಿದೆ. ಮೇಷ್ಟ್ರನ್ನು ಬೋರಲು ಮಲಗಿಸಿ, ಮಾಸ್ಕಿನ ಒಳಗೆ ಮೂಗಿನ ಟ್ಯೂಬನ್ನೂ ಸೇರಿಸಿ, ಸಾಧ್ಯವಾದಷ್ಟು ಏರಿಸಲು ನೋಡಿದೆವು. ಮೇಷ್ಟ್ರು ಉಳಿಯಲಿಲ್ಲ. ಹಮಾಲಿ ಮನೆಗೆ ಹೋದ.

ಮೇಷ್ಟ್ರ ಮಗ ಬಂದು ಕೇಳಿದ. ಜಗಳ ಮಾಡಲಿಲ್ಲ. "ಮೇಡಂ, ನಮ್ಮ ಅಪ್ಪಂಗೆ ಆ ಮಷೀನ್ ಯಾಕೆ ಹಾಕ್ಲಿಲ್ಲ?" ನಾನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ: "ಇದು ಯಾವ ರೂಲು? ಎಲ್ಲಿ ಬರ್ದಿದೆ, ತೋರ್ಸಿ."

ಇವತ್ತು ಅದೇ ಇಬ್ಬರು ಬಂದರೂ ನಾನು ಅದೇ ತೀರ್ಮಾನ ಮಾಡುತ್ತೇನೆ. ಆದರೆ ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಅವನ ಅಪ್ಪನ ಜೀವದ ತೀರ್ಮಾನ ನಡುರಾತ್ರಿ ಒಬ್ಬ ಪಿಜಿ ಹುಡುಗಿಯ ತಲೆಯೊಳಗೆ ಆಗಿಹೋಗಿತ್ತು. ತೋರಿಸಲು ಒಂದು ಸಾಲು ಇರಲಿಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬರಿದ್ದಿದ್ದರೆ ಬೇರೆ ತೀರ್ಮಾನ ಆಗಬಹುದಿತ್ತು. ಆಗಲೂ ಯಾರೂ ಏನೂ ಹೇಳುವ ಹಾಗಿರಲಿಲ್ಲ.

ಅದೇ ಹೊತ್ತಿಗೆ ಚಾಮರಾಜನಗರದ ಸುದ್ದಿ ಬಂತು. ಮೇ 2ರ ರಾತ್ರಿಯಿಂದ 3ರ ನಡುವೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಆಕ್ಸಿಜನ್ ಕೊರತೆಯ ಬಗ್ಗೆ ನೋಡಲು ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಸಮಿತಿ ಮಾಡಿತು. ಮೇ 5ರಂದು ಅದೇ ಹೈಕೋರ್ಟ್ ರಾಜ್ಯದ ದಿನದ ಪಾಲನ್ನು 965 ಟನ್‌ನಿಂದ 1200 ಟನ್‌ಗೆ ಏರಿಸಲು ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ 7ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶದಲ್ಲಿ ಕೈಹಾಕಲು ಒಪ್ಪಲಿಲ್ಲ. ನಾವು ವಾರ್ಡಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಹಂಚುತ್ತಿದ್ದೆವು. ಅಲ್ಲಿ ದೊಡ್ಡವರು ರಾಜ್ಯಕ್ಕೆ ಎಷ್ಟು ಟನ್ ಎಂದು ಹಂಚುತ್ತಿದ್ದರು. ಪ್ರಶ್ನೆ ಮಾತ್ರ ಒಂದೇ. ಅಲ್ಲಿ ಕನಿಷ್ಠ ಒಂದು ಸೂತ್ರ ಇತ್ತು. ಐಸಿಯು ಬೆಡ್ಡಿಗೆ ನಿಮಿಷಕ್ಕೆ 24 ಲೀಟರ್, ಉಳಿದ ಬೆಡ್ಡುಗಳಲ್ಲಿ ಅರ್ಧಕ್ಕೆ ಮಾತ್ರ ಆಕ್ಸಿಜನ್ ಬೇಕು, ಅದಕ್ಕೆ 10 ಲೀಟರ್ ಎಂದು ಕೇಂದ್ರ ಲೆಕ್ಕ ಹಾಕಿತ್ತು. ಆ ಸೂತ್ರ ಸರಿಯಿಲ್ಲ ಎಂದು ಕೋರ್ಟಿನಲ್ಲಿ ವಾದ ಮಾಡಬಹುದಿತ್ತು, ಮಾಡಿದರು ಕೂಡ. ಬರೆದಿಟ್ಟ ನಿಯಮದ ಬೆಲೆಯೇ ಅದು. ಅದರ ಜೊತೆ ಜಗಳ ಆಡಬಹುದು. ನನ್ನ ತಲೆಯೊಳಗಿನ ನಿಯಮದ ಜೊತೆ ಮೇಷ್ಟ್ರ ಮಗ ಹೇಗೆ ಜಗಳ ಆಡಬೇಕಿತ್ತು?

ನಮ್ಮ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಸರ್ ಹತ್ತಿರ ಹೋಗಿ ಇದನ್ನೇ ಹೇಳಿದೆ. ಅವರಿಗೂ ಇದೇ ಕೊರೆಯುತ್ತಿತ್ತಂತೆ. ಮಾರನೇ ದಿನ ಸಭೆ ಕರೆದರು. ಸರ್, ಮೆಡಿಸಿನ್ ವಿಭಾಗದ ಮೇಡಂ, ಆಸ್ಪತ್ರೆಯ ನಿವಾಸಿ ವೈದ್ಯಾಧಿಕಾರಿ (ಆರ್‌ಎಂಒ), ನರ್ಸಿಂಗ್ ಸೂಪರಿಂಟೆಂಡೆಂಟ್, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ನಲ್ಲಿದ್ದ ಒಬ್ಬ ವಕೀಲರು. ಬರೆದುಕೊಳ್ಳಲು ನಾನು.

ಹಂಚುವ ಮಾತಿಗೆ ಮೊದಲು ಸೋರಿಕೆಯ ಮಾತು ಎಂದು ಸೂಪರಿಂಟೆಂಡೆಂಟ್ ಸಿಸ್ಟರ್ ಶುರು ಮಾಡಿದರು. ಮೂವತ್ತು ವರ್ಷ ವಾರ್ಡ್ ನೋಡಿದವರು. ಊಟಕ್ಕೆ ಮಾಸ್ಕ್ ತೆಗೆದಾಗ ಫ್ಲೋ ನಿಲ್ಲಿಸುವವರಿಲ್ಲ, ಶೌಚಕ್ಕೆ ಹೋದಾಗ ಬೆಡ್ ಮೇಲೆ ಮಾಸ್ಕ್ ಸುಯ್ಯೆಂದು ಊದುತ್ತಾ ಬಿದ್ದಿರುತ್ತದೆ, ಸ್ಯಾಚುರೇಷನ್ 99 ಬಂದರೆ ಡಾಕ್ಟರಿಗೂ ಖುಷಿ, ಮನೆಯವರಿಗೂ ಖುಷಿ, ಇಳಿಸುವವರು ಯಾರೂ ಇಲ್ಲ ಎಂದರು. ಆಗಿನ ಮಾರ್ಗಸೂಚಿಯಲ್ಲಿ 92ರಿಂದ 96 ಇದ್ದರೆ ಸಾಕಿತ್ತು. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ 88ರಿಂದ 92. ಪ್ರತಿ ಪಾಳಿಗೆ ಒಬ್ಬ ನರ್ಸ್ ಬರೀ ಆಕ್ಸಿಜನ್ ನೋಡಬೇಕು, ಬೆಡ್‌ನಿಂದ ಬೆಡ್‌ಗೆ ಹೋಗಿ ಫ್ಲೋಮೀಟರ್ ತಿರುಗಿಸಬೇಕು ಎಂದು ತೀರ್ಮಾನವಾಯಿತು. ಇದು ಸಣ್ಣ ಕೆಲಸ ಅನ್ನಿಸಬಹುದು. ನನ್ನ ಪ್ರಕಾರ ನಾವು ಮಾಡಿದ ಅತ್ಯಂತ ನೈತಿಕ ಕೆಲಸ ಇದೇ. ಪೋಲು ಮಾಡುತ್ತಾ ಇದ್ದು, ಆಮೇಲೆ ಯಾರನ್ನು ಬಿಡುವುದು ಎಂದು ಚರ್ಚೆ ಮಾಡುವ ಹಕ್ಕು ಯಾರಿಗೂ ಇಲ್ಲ.

ಎರಡನೆಯದು, ಯಾರು ತೀರ್ಮಾನ ಮಾಡಬೇಕು. ಇದರಲ್ಲಿ ಜಗಳ ಇರಲಿಲ್ಲ. ಬೆಡ್ ಪಕ್ಕ ನಿಂತ ಡಾಕ್ಟರ್ ಮಾಡಬಾರದು. ಆಕೆಯ ಕೆಲಸ ತನ್ನ ಪೇಷೆಂಟಿನ ಪರವಾಗಿ ಹೋರಾಡುವುದು. ಆ ಪೇಷೆಂಟನ್ನು ನೋಡಿಕೊಳ್ಳದ ಮೂವರ ತಂಡ, ಇಬ್ಬರು ಹಿರಿಯ ವೈದ್ಯರು ಮತ್ತು ಒಬ್ಬ ಹಿರಿಯ ನರ್ಸ್, ಫೋನಿನಲ್ಲಿ ಸದಾ ಸಿಗಬೇಕು. ಅವರಿಗೆ ಹೆಸರು, ಊರು, ಜಾತಿ, ಕೆಲಸ ಏನೂ ಹೇಳಬಾರದು. ಬೆಡ್ ನಂಬರ್ ಮತ್ತು ರಿಪೋರ್ಟ್ ಮಾತ್ರ. ಶಿಫಾರಸಿನ ಫೋನ್ ಬಂದರೆ ಎಲ್ಲರೂ ಒಂದೇ ಮಾತು ಹೇಳಬೇಕು: "ಸರ್, ತೀರ್ಮಾನ ನಮ್ಮದಲ್ಲ, ತಂಡದ್ದು." ಈ ಒಂದು ವಾಕ್ಯ ನಮ್ಮನ್ನು ಎಷ್ಟು ಉಳಿಸಿತು ಅಂದರೆ ಹೇಳಲು ಆಗುವುದಿಲ್ಲ.

ಮೂರನೆಯದು, ಯಾವ ಆಧಾರದ ಮೇಲೆ. ಇಲ್ಲಿ ಸಭೆ ಬಿಸಿಯಾಯಿತು.

ವಯಸ್ಸಿನ ಮಾತು ಮೊದಲು ಬಂತು. 2020ರ ಮಾರ್ಚಿನಲ್ಲಿ ಇಟಲಿಯ ಅರಿವಳಿಕೆ ತಜ್ಞರ ಸಂಘ, ಐಸಿಯು ಪ್ರವೇಶಕ್ಕೆ ವಯಸ್ಸಿನ ಮಿತಿ ಇಡಬೇಕಾಗಬಹುದು ಎಂದು ಬರೆದಿತ್ತು. ಎಳೆಯರಿಗೆ ಬದುಕು ಬಾಕಿ ಇದೆ, ಹಿರಿಯರು ಬಾಳಿದ್ದಾರೆ ಎಂಬ ವಾದ. ಆರ್‌ಎಂಒ ಅದರ ಪರ. ಮೆಡಿಸಿನ್ ಮೇಡಂ ಒಪ್ಪಲಿಲ್ಲ. "ಎಪ್ಪತ್ತರ ಅಜ್ಜಿ ಹೊಲದಲ್ಲಿ ಕಳೆ ಕೀಳ್ತಾಳೆ. ನಲವತ್ತೈದರ ಅಧಿಕಾರಿಗೆ ಮೂರು ಸ್ಟೆಂಟ್ ಇರುತ್ತೆ. ಗೆರೆ ಎಲ್ಲಿ ಹಾಕ್ತೀರಿ?" ಅಂದರು. ಕೊನೆಗೆ, ವಯಸ್ಸೊಂದನ್ನೇ ನೋಡಿ ಯಾರನ್ನೂ ಬಿಡಬಾರದು, ಈ ಕಾಯಿಲೆಯಿಂದ ಎದ್ದುಬರುವ ಸಾಧ್ಯತೆ ಮಾತ್ರ ನೋಡಬೇಕು ಎಂದಾಯಿತು. ಅದರಲ್ಲಿ ವಯಸ್ಸು ಹಿಂಬಾಗಿಲಿನಿಂದ ಬಂದೇ ಬರುತ್ತದೆ. ಅದು ನಮಗೂ ಗೊತ್ತಿತ್ತು. ಆದರೂ ಹಿಂಬಾಗಿಲಿನಿಂದ ಬರುವುದಕ್ಕೂ ಬಾಗಿಲಲ್ಲೇ ಬೋರ್ಡ್ ಹಾಕುವುದಕ್ಕೂ ವ್ಯತ್ಯಾಸ ಇದೆ ಎಂದು ಈಗಲೂ ನಂಬಿದ್ದೇನೆ.

ಮನೆಗೆ ದುಡಿಯುವವರು ಅವರೊಬ್ಬರೇ, ಸಣ್ಣ ಮಕ್ಕಳಿದ್ದಾರೆ ಎಂಬುದನ್ನು ನೋಡಬೇಕಾ? ಕರುಳು ಹೌದು ಅನ್ನುತ್ತದೆ. ನಾನೇ ಇದರ ಪರ ಮಾತಾಡಿದೆ. ಆಗ ಎಚ್‌ಒಡಿ ಸರ್ ಅಮೆರಿಕದ ಸಿಯಾಟಲ್ ಕಥೆ ಹೇಳಿದರು. 1960ರ ದಶಕದ ಆರಂಭದಲ್ಲಿ ವರ್ಷಗಟ್ಟಲೆ ಮಾಡುವ ಡಯಾಲಿಸಿಸ್ ಆಗಷ್ಟೇ ಬಂದಿತ್ತು, ಮಷೀನ್‌ಗಳು ಕೆಲವೇ. ಯಾರಿಗೆ ಕೊಡಬೇಕೆಂದು ಊರಿನ ಜನಸಾಮಾನ್ಯರ ಒಂದು ಸಮಿತಿ ಮಾಡಿದರು. ಅವರು ಸಂಬಳ, ಓದು, ಮದುವೆ, ಮಕ್ಕಳು, ಚರ್ಚಿಗೆ ಹೋಗುತ್ತಾರಾ ಎಂಬುದನ್ನೆಲ್ಲ ನೋಡಿ ಆರಿಸಿದರು. ತಮ್ಮಂಥವರನ್ನೇ ಆರಿಸಿಕೊಂಡರು ಎಂಬ ಟೀಕೆ ಇವತ್ತಿಗೂ ಇದೆ. "ನಮ್ಮೂರಲ್ಲಿ ಈ ಲೆಕ್ಕ ಶುರುವಾದ್ರೆ ಮೂರನೇ ಪ್ರಶ್ನೆಗೇ ಯಾವ ಜನ ಅಂತ ಕೇಳ್ತಾರೆ" ಅಂದರು ಸರ್. ನಾನು ಸುಮ್ಮನಾದೆ.

ವಿಕಲಚೇತನರ ಬಗ್ಗೆ ವಕೀಲರು ಬಹಳ ಗಟ್ಟಿಯಾಗಿ ನಿಂತರು. ಮೊದಲೇ ಹಾಸಿಗೆ ಹಿಡಿದವರು, ಬುದ್ಧಿಮಾಂದ್ಯರು ಇವರಿಗೆಲ್ಲ ಕೊನೆಯ ಸ್ಥಾನ ಎಂದು ಯಾರೋ ಕರಡಿನಲ್ಲಿ ಬರೆದಿದ್ದರು. ಅವರು ಆ ಸಾಲಿನ ಮೇಲೆ ಪೆನ್ನಿನಿಂದ ಗೀಟು ಎಳೆದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್, ಅಪಾಯ ಮತ್ತು ವಿಪತ್ತಿನ ಹೊತ್ತಿನಲ್ಲಿ ಅವರಿಗೆ ಉಳಿದವರಷ್ಟೇ ರಕ್ಷಣೆ ಕೊಡಬೇಕು ಅನ್ನುತ್ತದೆ. ಕಾಲಿಲ್ಲದಿರುವುದು ಶ್ವಾಸಕೋಶ ಎದ್ದುಬರುವುದಕ್ಕೆ ಅಡ್ಡಿಯಲ್ಲ.

ಆಸ್ಪತ್ರೆ ಸಿಬ್ಬಂದಿಗೆ ಆದ್ಯತೆ ಬೇಕಾ ಎಂದಾಗ ಎಲ್ಲರೂ ಸಿಸ್ಟರ್ ಕಡೆ ನೋಡಿದೆವು. ಅವರ ಹುಡುಗಿಯರೇ ಕೆಲವರು ಆಗ ಬೆಡ್ ಮೇಲಿದ್ದರು. ಬೇಕು ಎಂದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಯೋಚಿಸಿ ಹೇಳಿದರು: "ಮೊದಲ ಬೆಡ್ ಕೊಡಿ ಸರ್, ನಾವು ಇಲ್ಲೇ ಕೆಲಸ ಮಾಡಿ ತಗುಲಿಸ್ಕೊಂಡಿರೋದು. ಮಷೀನಿಗೆ ಬೇರೆ ಸಾಲು ಬೇಡ. ಆಮೇಲೆ ಈ ರೂಲನ್ನ ಜನ ನಂಬಲ್ಲ." ಹಾಗೇ ಬರೆದೆವು. ಬೇರೆ ದೇಶಗಳಲ್ಲಿ ಸಿಬ್ಬಂದಿಗೆ ಆದ್ಯತೆ ಕೊಡಬೇಕೆಂದು ಗಟ್ಟಿ ವಾದಗಳಿವೆ, ಅವೂ ತಪ್ಪಲ್ಲ. ನಮ್ಮಲ್ಲಿ ಆ ಮಾತು ಹೇಳುವ ಹಕ್ಕು ಇದ್ದವರು ಅವರೊಬ್ಬರೇ, ಅವರು ಹೀಗೆ ಹೇಳಿದರು.

ಎಲ್ಲ ಸಮ ಬಂದರೆ? ಚೀಟಿ ಎತ್ತುವುದು. ಇದನ್ನು ಹೇಳಿದಾಗ ಆರ್‌ಎಂಒ ಎದ್ದೇ ನಿಂತರು. "ಜೀವದ ವಿಷಯದಲ್ಲಿ ಚೀಟಿನಾ? ಜನ ನಮ್ಮನ್ನ ಸುಮ್ನೆ ಬಿಡ್ತಾರಾ?" ಮೇಡಂ ತಿರುಗಿ ಕೇಳಿದರು: "ಇಬ್ಬರೂ ಸಮ ಅಂತ ಒಪ್ಪಿಕೊಂಡ ಮೇಲೆ, ಚೀಟಿ ಬಿಟ್ರೆ ಇನ್ಯಾವ ಕಾರಣ ಹೇಳ್ತೀರಿ?" ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಕಾನೂನಿನ ಬಗ್ಗೆ ನಾನು ಆ ಸಭೆಯಲ್ಲಿ ಕಲಿತಷ್ಟನ್ನು ಎಂಬಿಬಿಎಸ್‌ನ ಇಡೀ ಕೋರ್ಸಿನಲ್ಲಿ ಕಲಿತಿರಲಿಲ್ಲ. 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ, ಪೊಲೀಸ್ ಕಾಗದಕ್ಕೆ ಕಾಯಬಾರದು ಎಂದಿತು. 1996ರಲ್ಲಿ ಬಂದ ಇನ್ನೊಂದು ತೀರ್ಪು ನಮಗೆ ಇನ್ನೂ ಹತ್ತಿರದ್ದು. ಪಶ್ಚಿಮ ಬಂಗಾಳದಲ್ಲಿ ಹಕೀಂ ಶೇಖ್ ಎಂಬುವರು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಒಂದಾದ ಮೇಲೆ ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆಡ್ ಇಲ್ಲ, ಸೌಲಭ್ಯ ಇಲ್ಲ ಎಂದು ವಾಪಸ್ ಕಳಿಸಿದರು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ತೋರಿಸಿಕೊಂಡರು. ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಉಲ್ಲಂಘನೆ, ಹಣ ಇಲ್ಲ ಎಂದು ಸರ್ಕಾರ ನುಣುಚಿಕೊಳ್ಳುವಂತಿಲ್ಲ ಎಂದ ಕೋರ್ಟ್, ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು.

"ಅಂದ್ರೆ ಇಬ್ಬರಿಗೂ ಹಕ್ಕಿದೆ, ಮಷೀನ್ ಒಂದೇ ಇದೆ. ಆಗ?" ಎಂದು ಕೇಳಿದೆ. ವಕೀಲರು ನೇರವಾಗಿ ಹೇಳಿದರು: "ಅದಕ್ಕೆ ನೇರ ಉತ್ತರ ಕೊಡೋ ಕಾಯ್ದೆ ನಮ್ಮಲ್ಲಿಲ್ಲ." 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಸೆಕ್ಷನ್ ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮ ನೋಡಬಾರದು ಅನ್ನುತ್ತದೆ. ಅಲ್ಲಿ ವಯಸ್ಸಿನ ಹೆಸರಿಲ್ಲ. ವೈದ್ಯರಿಗೆ ಇರುವ ಸಮಾಧಾನ 2005ರ ಜೇಕಬ್ ಮ್ಯಾಥ್ಯೂ ತೀರ್ಪು. ಅದರ ಪ್ರಕಾರ ವೈದ್ಯರ ಮೇಲೆ ಕ್ರಿಮಿನಲ್ ಕೇಸ್ ನಿಲ್ಲಬೇಕಾದರೆ ಘೋರ ನಿರ್ಲಕ್ಷ್ಯ ಇರಬೇಕು. ಬರೆದ ನಿಯಮ, ಮೂವರ ಸಹಿ, ಗಂಟೆ, ಕಾರಣ ಇಷ್ಟು ದಾಖಲೆ ಇದ್ದರೆ ಯಾರೂ ಅದನ್ನು ನಿರ್ಲಕ್ಷ್ಯ ಎನ್ನಲಾರರು ಎಂದರು. ಆಗಿನ್ನೂ ಹೊಸದಾಗಿದ್ದ ಏಪ್ರಿಲ್ 30ರ ಸುಪ್ರೀಂ ಕೋರ್ಟ್ ಆದೇಶವನ್ನೂ ಓದಿದರು. ಆ ಊರಿನ ವಿಳಾಸದ ಕಾಗದ ಇಲ್ಲ ಎಂದು ಯಾರನ್ನೂ ವಾಪಸ್ ಕಳಿಸಬಾರದು. ಅದರ ಹಿಂದೆಯೇ, ಮೇ 8ರಂದು, ಪಾಸಿಟಿವ್ ರಿಪೋರ್ಟ್ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕು ಎಂದು ಕೇಂದ್ರವೂ ಹೇಳಿತು. ಪಕ್ಕದ ಜಿಲ್ಲೆಯವರನ್ನು ಗೇಟಿನಲ್ಲೇ ತಡೆಯಬೇಕೆಂದು ಅಲ್ಲಲ್ಲಿ ಕೇಳಿಬರುತ್ತಿದ್ದ ಮಾತು ನಮ್ಮಲ್ಲಿ ಅಲ್ಲಿಗೇ ನಿಂತಿತು.

ಅತ್ಯಂತ ಕಷ್ಟದ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಒಬ್ಬರಿಗೆ ಹಾಕಿರುವ ವೆಂಟಿಲೇಟರನ್ನು, ಅವರು ಉಳಿಯುವುದಿಲ್ಲ ಅನ್ನಿಸಿದರೆ, ತೆಗೆದು ಇನ್ನೊಬ್ಬರಿಗೆ ಹಾಕಬಹುದಾ? ಕೊಡದೇ ಇರುವುದೂ, ಕೊಟ್ಟು ತೆಗೆಯುವುದೂ ಒಂದೇ ಎಂದು ನೀತಿಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಬೆಡ್ ಪಕ್ಕ ನಿಂತವರಿಗೆ ಅದು ಒಂದೇ ಅಲ್ಲ. ಕಾನೂನಿಗೂ ಅಲ್ಲ. 2018ರ ಕಾಮನ್ ಕಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜೀವರಕ್ಷಕ ಯಂತ್ರ ತೆಗೆಯಲು ದಾರಿ ತೋರಿಸಿದೆ. ಆದರೆ ಅದು ಆ ರೋಗಿಯ ಘನತೆಗಾಗಿ, ಪಕ್ಕದ ಬೆಡ್ಡಿನವರಿಗಾಗಿ ಅಲ್ಲ. ಆಗ ಅದರ ವಿಧಾನವೂ ಬಹಳ ಉದ್ದ. ಆಸ್ಪತ್ರೆಯ ಮಂಡಳಿ, ಜಿಲ್ಲಾಧಿಕಾರಿ ನೇಮಿಸುವ ಮಂಡಳಿ, ಮ್ಯಾಜಿಸ್ಟ್ರೇಟ್. ಹಾಗಾಗಿ ಇನ್ನೊಬ್ಬರಿಗಾಗಿ ಯಾರ ಮಷೀನೂ ತೆಗೆಯುವುದಿಲ್ಲ ಎಂದು ಬರೆದೆವು. ಇದರಿಂದ ಕೆಲವು ಜೀವ ಹೋಗಿರಬಹುದು. ಆದರೂ ಆ ಸಾಲು ಇಲ್ಲದಿದ್ದರೆ, ಬಡವರ ಮನೆಯವರು ಬೆಡ್ ಬಿಟ್ಟು ಊಟಕ್ಕೂ ಹೋಗುತ್ತಿರಲಿಲ್ಲ.

ಎರಡು ಪುಟದ ನಿಯಮ ತಯಾರಾಯಿತು. ಅದನ್ನು ಕನ್ನಡದಲ್ಲೇ ಟೈಪ್ ಮಾಡಿಸಿ ವಾರ್ಡಿನ ಬಾಗಿಲಿಗೆ ಅಂಟಿಸಬೇಕು ಎಂದು ನಾನು ಹಟ ಹಿಡಿದೆ. ಅಂಟಿಸಿದರು. ಜನ ಓದುತ್ತಿದ್ದರು. ಓದಲು ಬಾರದವರಿಗೆ ಸೆಕ್ಯುರಿಟಿಯವರೇ ಓದಿ ಹೇಳುತ್ತಿದ್ದರು. ಗಲಾಟೆ ನಿಂತಿತು ಎಂದು ಹೇಳಲಾರೆ. ಗಲಾಟೆಯ ರೀತಿ ಬದಲಾಯಿತು. "ನಮ್ಮವರಿಗೆ ಯಾಕಿಲ್ಲ" ಎಂದು ಕಾಲರ್ ಹಿಡಿಯುವ ಬದಲು, "ನಮ್ಮ ಅಮ್ಮಂಗೆ ಕಿಡ್ನಿ ಸರಿ ಇದೆ ಅಂತ ನಿನ್ನೆ ರಿಪೋರ್ಟ್ ಬಂದಿದೆ, ಅದನ್ನ ನೋಡಿದೀರಾ?" ಎಂದು ಕೇಳತೊಡಗಿದರು. ಒಮ್ಮೆ ನಿಜವಾಗಿಯೂ ಆ ರಿಪೋರ್ಟ್ ತಂಡಕ್ಕೆ ಹೋಗಿರಲಿಲ್ಲ. ಮತ್ತೆ ನೋಡಿದರು. ಆಕೆಗೆ ಮಷೀನ್ ಸಿಕ್ಕಿತು.

ಚೀಟಿಯೂ ಎತ್ತಬೇಕಾಗಿ ಬಂತು. ನರ್ಸಿಂಗ್ ಸ್ಟೇಷನ್ನಿನ ಮೇಜಿನ ಮೇಲೆ ಸಿಸ್ಟರ್ ಹಳೆಯ ಲ್ಯಾಬ್ ಸ್ಲಿಪ್ಪುಗಳ ಹಿಂಭಾಗದಲ್ಲಿ ಎರಡು ಬೆಡ್ ನಂಬರ್ ಬರೆದರು. ನಾಲ್ಕು ಮಡಿಕೆ ಮಡಿಸಿ ಇಂಜೆಕ್ಷನ್ ಟ್ರೇಯಲ್ಲಿ ಹಾಕಿದರು. ಎತ್ತಿದ್ದು ಲ್ಯಾಬಿನಿಂದ ಆಗಷ್ಟೇ ಬಂದ ಹುಡುಗ. ಯಾತಕ್ಕೆ ಎಂದು ಅವನಿಗೆ ಹೇಳಿರಲಿಲ್ಲ, ಹೇಳಬಾರದು ಎಂದೇ ನಿಯಮದಲ್ಲಿತ್ತು. ಎರಡೂ ಮನೆಯವರಿಗೆ ನಾನೇ ಹೋಗಿ ಹೇಳಿದೆ. ಸಿಗದವರ ಅಣ್ಣ ಬಹಳ ಹೊತ್ತು ಅತ್ತರು. ಆಮೇಲೆ "ದುಡ್ಡಿಗೆ ಕೊಟ್ಟಿಲ್ಲ ಅಲ್ವಾ ಡಾಕ್ಟರಮ್ಮ?" ಎಂದು ಕೇಳಿದರು. ಇಲ್ಲ ಅಂದೆ. ತಂಡದ ತೀರ್ಮಾನಗಳನ್ನು ಬರೆದಿಡುವ ಬುಕ್ ತೋರಿಸಿದೆ. ಅದರಲ್ಲಿ ಮೂವರ ಸಹಿ, ಗಂಟೆ, ಚೀಟಿ ಎತ್ತಿದ ವಿಷಯ ಎಲ್ಲ ಇತ್ತು. ಅವರು ಬೆರಳಿಟ್ಟು ಓದಿದರು. ಆ ರಾತ್ರಿ ನಾವು ಅವರ ತಮ್ಮನ ಜೊತೆ ಎಷ್ಟು ಹೊತ್ತು ಇದ್ದೆವು ಎಂದರೆ, ಮಷೀನ್ ಸಿಕ್ಕವರ ಬೆಡ್ ಹತ್ತಿರ ಅದರ ಅರ್ಧ ಹೊತ್ತೂ ಇರಲಿಲ್ಲ. ಇದನ್ನೂ ಆಮೇಲೆ ನಿಯಮಕ್ಕೆ ಸೇರಿಸಿದೆವು. ಮಷೀನ್ ಸಿಗದವರ ಬೆಡ್‌ಗೆ ಗಂಟೆಗೊಮ್ಮೆ ವೈದ್ಯರು ಹೋಗಲೇಬೇಕು, ಉಸಿರಾಟದ ಸಂಕಟಕ್ಕೆ ಔಷಧ ಕೊಡಲೇಬೇಕು.

ರೆಮ್ಡಿಸಿವಿರ್ ಇಂಜೆಕ್ಷನ್ ಬಗ್ಗೆ ಒಂದು ಮಾತು. ಅದಕ್ಕಾಗಿ ಜನ ಒಡವೆ ಅಡವಿಟ್ಟರು, ಕಾಳಸಂತೆಯಲ್ಲಿ ಕೊಂಡರು. ಆದರೆ ಅದು ಸಾವು ತಪ್ಪಿಸುತ್ತದೆ ಎಂಬುದಕ್ಕೆ ಸಾಕ್ಷ್ಯ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲೇ ಹೇಳಿ, ಬಳಸುವುದು ಬೇಡ ಎಂದಿತ್ತು. ಕೊರತೆ ಇದೆ ಎಂಬ ಕಾರಣಕ್ಕೇ ಒಂದು ವಸ್ತು ಅಮೃತದಂತೆ ಕಾಣಿಸಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಔಷಧ ಜೀವ ಉಳಿಸುತ್ತಿತ್ತು. ಅದಕ್ಕೆ ಯಾರೂ ಶಿಫಾರಸು ಫೋನ್ ಮಾಡಲಿಲ್ಲ.

ನಮ್ಮ ನಿಯಮ ಎಷ್ಟೇ ಚೆನ್ನಾಗಿದ್ದರೂ ಅದು ವಾರ್ಡಿನ ಬಾಗಿಲು ದಾಟಿ ಒಳಗೆ ಬಂದವರಿಗೆ ಮಾತ್ರ. ತಾಲ್ಲೂಕು ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಕಾಯುತ್ತಾ ಹೋದವರು, ಹಳ್ಳಿಯಲ್ಲಿ ಟೈಫಾಯ್ಡ್ ಎಂದು ಗ್ಲೂಕೋಸ್ ಹಾಕಿಸಿಕೊಂಡು ಮಲಗಿದವರು ನಮ್ಮ ಬುಕ್ಕಿನಲ್ಲಿ ಇಲ್ಲವೇ ಇಲ್ಲ. ಅವರಿಗೆ ಇಲ್ಲ ಎಂದು ಹೇಳಿದವರು ಯಾರೂ ಇಲ್ಲ. ಆದರೂ ಅವರಿಗೆ ಸಿಗಲಿಲ್ಲ. ಹಂಚಿಕೆ ಎಂದರೆ ಐಸಿಯು ಒಳಗಿನ ವಿಷಯ ಎಂದು ಮಾತಾಡುವವರಿಗೆ ನಾನು ಮೊದಲು ಇದನ್ನು ಹೇಳುತ್ತೇನೆ. ಆಶಾ ಕಾರ್ಯಕರ್ತೆಯ ಕೈಯಲ್ಲಿ ಆಕ್ಸಿಮೀಟರ್ ಇದೆಯಾ, 108ಕ್ಕೆ ಡೀಸೆಲ್ ಇದೆಯಾ ಎಂಬುದೂ ಹಂಚಿಕೆಯೇ.

ಈಗ ನಮ್ಮ ಆಸ್ಪತ್ರೆಯ ಹಿಂದೆ ಆಕ್ಸಿಜನ್ ತಯಾರಿಸುವ ಪ್ಲಾಂಟ್ ಇದೆ, ಲಿಕ್ವಿಡ್ ಟ್ಯಾಂಕ್ ಇದೆ. ನಿಯಮದ ಕಾಗದ ಮಾತ್ರ ಕೋವಿಡ್ ಫೈಲಿನ ಜೊತೆ ಕಪಾಟು ಸೇರಿತು. ಮುಂದಿನದು ಕೋವಿಡ್ಡೇ ಆಗಬೇಕಿಲ್ಲ. ಒಂದು ದೊಡ್ಡ ಬಸ್ ಅಪಘಾತ, ಒಂದು ಕಾರ್ಖಾನೆಯ ಅನಿಲ ಸೋರಿಕೆ ಸಾಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ, ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಆಸ್ಪತ್ರೆಗಳಲ್ಲಿ ಎರಡು ಹಂತದ ವೈದ್ಯರ ಮಂಡಳಿ, ಎರಡನೆಯದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸುವ ವೈದ್ಯರು. ಅಷ್ಟು ಸೂಕ್ಷ್ಮ ವಿಷಯದಲ್ಲಿ ಸರ್ಕಾರ ನಿಯಮ ಬರೆಯಬಹುದು ಅಂದಮೇಲೆ, ಕೊರತೆಯ ಹೊತ್ತಿನ ಹಂಚಿಕೆಗೂ ಬರೆಯಬಹುದು. ಸಭೆಯಲ್ಲಿ ವಿಕಲಚೇತನರ ಪ್ರತಿನಿಧಿ ಇರಲಿ, ಆಶಾ ಕಾರ್ಯಕರ್ತೆ ಇರಲಿ, ಒಬ್ಬ ರೋಗಿಯ ಮನೆಯವರೂ ಇರಲಿ. ನಮ್ಮ ಸಭೆಯಲ್ಲಿ ಇವರು ಯಾರೂ ಇರಲಿಲ್ಲ.

ಆ ಎರಡು ಪುಟವನ್ನು ನಾನು ಈಗ ಪಿಜಿಗಳ ಕ್ಲಾಸಿನಲ್ಲಿ ಹಂಚಿ ಚರ್ಚೆ ಮಾಡಿಸುತ್ತೇನೆ. ಹೋದ ಸಲ ಒಬ್ಬ ಹುಡುಗಿ ಕೇಳಿದಳು: "ಮೇಡಂ, ತಂಡದ ತೀರ್ಮಾನ ಒಪ್ಪದಿದ್ರೆ ಮನೆಯವರು ಯಾರ ಹತ್ರ ಹೋಗ್ಬೇಕು?" ನಿಜ, ಅದಕ್ಕೆ ಸಾಲು ಇರಲಿಲ್ಲ. ಕ್ಲಾಸಿನಲ್ಲೇ ಕೂತು ಬರೆದೆವು: ಮನೆಯವರು ಬಾಯಿಮಾತಿನಲ್ಲಿ ಕೇಳಿದರೂ ಸಾಕು, ತಂಡದಲ್ಲಿಲ್ಲದ ಇನ್ನೊಬ್ಬ ಹಿರಿಯ ವೈದ್ಯರು ಒಂದು ಗಂಟೆಯೊಳಗೆ ಮತ್ತೆ ನೋಡಬೇಕು, ಅವರು ನೋಡಿ ಏನು ಹೇಳಿದರೆಂದು ಅದೇ ಬುಕ್ಕಿನಲ್ಲಿ ಬರೆದು ಮನೆಯವರಿಗೆ ಓದಿ ಹೇಳಬೇಕು. ಈ ಸಾಲು ಸೇರಿಸಿದ ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಕೊಟ್ಟಿದ್ದೇವೆ. ಬೇರೆ ಜಿಲ್ಲೆಯವರು ಯಾರಾದರೂ ಇಂಥದ್ದನ್ನು ಬರೆದುಕೊಂಡಿದ್ದರೆ ದಯವಿಟ್ಟು ಹೊರಗೆ ತನ್ನಿ. ಜೋಡಿಸಿ ನೋಡೋಣ.